ಮಜೀದ ಸರ್ ಕಟ್ಟಿದ ಹೃದಯದ ಆಟ

ವೈಜ್ಞಾನಿಕ ದತ್ತಾಂಶವೆಂದರೆ ಅಂಕಿಗಳ ರಾಶಿಯೆಂದೇ ತಿಳಿದಿದ್ದ ನಮಗೆ, ಆ ರಾಶಿಯೊಳಗೆ ಕಾಲಿಟ್ಟು ಅಡ್ಡಾಡಬಹುದೆಂದು ಕಲಿಸಿದವರು ಡಾ. ಮಜೀದ ನದಾಫರು. ವಿಡಿಯೋ ಗೇಮ್ ಕಟ್ಟುವವರ ಉಪಾಯಗಳನ್ನು ವರ್ಚುವಲ್ ರಿಯಾಲಿಟಿಗೆ ತಂದು, ಸ್ಕ್ಯಾನ್ ಯಂತ್ರ ಕೊಡುವ ನೂರಾರು ಕಪ್ಪುಬಿಳುಪು ಪದರಗಳನ್ನು ಒಳಹೊಕ್ಕು ನೋಡಬಲ್ಲ ಹೃದಯವನ್ನಾಗಿ ಮಾಡಿದ ಅವರು, ಮುಂಬಯಿಯ ಪರೇಲಿನ ನಮ್ಮ ಆಸ್ಪತ್ರೆಯ ಪ್ರಯೋಗಾಲಯದಿಂದ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದ ನನಗೆ ಅವರ ಅಭಿನಂದನ ಸಂಪುಟದ ಈ ಲೇಖನ ಸಂತೋಷದ ಕೆಲಸ. ಒಂದು ಹಳೆಯ ಭಾರ ಇಳಿಸಿಕೊಳ್ಳುವ ಕೆಲಸವೂ ಹೌದು.

ವಿಜಯಪುರದ ಕಡೆಯಿಂದ ಬಂದು ಗಾದಿ ಹೊಲಿಯುತ್ತಿದ್ದ ತಂದೆಯ ಮಗನಾಗಿ ಆಂಟಾಪ್ ಹಿಲ್‌ನಲ್ಲಿ ಬೆಳೆದ ಸರ್, ಭೌತವಿಜ್ಞಾನ ಓದಿ ಈ ಆಸ್ಪತ್ರೆ ಸೇರಿದವರು. ಗೇಮ್‌ಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಅವರು ಆಡಲು ಕೂತರೆ ಮಾತ್ರ ಶುದ್ಧ ದಡ್ಡರು. ಮೊದಲ ಹಂತ ದಾಟಿದ್ದನ್ನು ನಾನಂತೂ ಕಂಡಿಲ್ಲ. ಹೊಸದೇನು ಕಟ್ಟಿದರೂ ಮೊದಲು ಕ್ಯಾಂಟೀನಿನ ದೂಜಣ್ಣನಿಗೆ ಹೆಡ್‌ಸೆಟ್ ತೊಡಿಸಿ, ಅವರು ಎಲ್ಲಿ ತಬ್ಬಿಬ್ಬಾಗುತ್ತಾರೆಂದು ಸುಮ್ಮನೆ ನೋಡುತ್ತಿದ್ದರು. ತುಳು ಮತ್ತು ಹಿಂದಿಯಲ್ಲೇ ಬೆಳೆದ ನನ್ನ ತೊದಲು ಕನ್ನಡವನ್ನು ಚಹಾದ ಹೊತ್ತಿನಲ್ಲಿ ತಿದ್ದಿದವರೂ ಅವರೇ.

ಏಳು ವರ್ಷದ ಹಿಂದೆ ಆರರ ಹುಡುಗಿ ಗುಲಾಫಶಾ ನಮ್ಮಲ್ಲಿಗೆ ಬಂದಳು. ಹೃದಯದ ಗೋಡೆಯಲ್ಲಿ ತೂತು. ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಶ್ವಾಸಕೋಶಕ್ಕೂ ಕುತ್ತೆಂದು ವೈದ್ಯರು ಹೇಳಿದ್ದರು. ಕುರ್ಲಾದಲ್ಲಿ ಬ್ಯಾಗ್ ಹೊಲಿಯುವ ತಾಯಿ ದಾವಲಬಿ ಮಾತ್ರ, ಕಣ್ಣಾರೆ ಕಾಣದ ತೂತಿಗಾಗಿ ಮಗಳ ಎದೆ ಕೊಯ್ಯಲು ಬಿಡೆನೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕಲಿಲ್ಲ. ಹಾಗಾದರೆ ತೋರಿಸೋಣ ಎಂದರು ಸರ್. ಅಂದಿನ ನಮ್ಮ ವರ್ಚುವಲ್ ಹೃದಯ ಒಂದು ಸಿದ್ಧ ಗೇಮ್‌ನ ಚೌಕಟ್ಟಿನ ಮೇಲೆ ನಿಂತಿತ್ತು. ಆ ಗೇಮ್‌ನಲ್ಲಿ ಗೋಡೆಗೆ ತಾಗಿದರೆ ಢಮ್ಮೆಂದು ಸದ್ದಾಗಿ ಪರದೆ ಕೆಂಪಾಗುತ್ತದೆ, ಆಟಗಾರ ಔಟ್. ಅದನ್ನು ತೆಗೆದುಹಾಕಬೇಕಾದವಳು, ಮೊದಲು ದೂಜಣ್ಣನಿಗೆ ತೊಡಿಸಿ ನೋಡಬೇಕಾದವಳೂ ನಾನು. ಮರೆತೆ.

ಹೆಡ್‌ಸೆಟ್ ತೊಟ್ಟ ದಾವಲಬಿ ಮಗಳ ಹೃದಯವನ್ನು ಮುಟ್ಟಲು ಕೈಚಾಚಿದರು. ಮರುಕ್ಷಣ ಹೆಡ್‌ಸೆಟ್ ಕಿತ್ತೆಸೆದು ಚೀರಿದರು. "ನನ್ನ ಮಗಳ ಎದ್ಯಾಗ ಏನೋ ಒಡೀತು! ನಾ ಸಹಿ ಮಾಡಂಗಿಲ್ಲ, ಯಾ ಆಪರೇಶನ್ನೂ ಬ್ಯಾಡ!"

"ಒಡೆದಿದ್ದು ನಿನ್ನ ಮಗಳ ಎದಿ ಅಲ್ಲ ತಂಗೀ, ನಮ್ಮ ಶಾಣ್ಯಾತನ," ಎಂದರು ಸರ್. "ತಪ್ಪು ನಂದೈತಿ."

ಆಕೆ ಮಗಳನ್ನೆತ್ತಿಕೊಂಡು ಹೊರಟೇಹೋದರು. ಆ ಸಂಜೆಯೇ ಸರ್ ಕ್ಷಮೆ ಕೇಳಲು ಕುರ್ಲಾದ ಚಾಳ್‌ಗೆ ಹೋದರೆ, ದಾವಲಬಿ ಒಳಗೆ ಕರೆಯಲಿಲ್ಲವಂತೆ. ಗಲ್ಲಿಯಲ್ಲಿ ಮಕ್ಕಳು ಮುಟ್ಟಾಟ ಆಡುತ್ತಿದ್ದರು. ಗುಲಾಫಶಾಳನ್ನು ಎರಡು ಸಲ ಮುಟ್ಟಿದರೂ ಯಾರೂ ಔಟ್ ಎನ್ನಲಿಲ್ಲ. ಸರ್ ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ದಾವಲಬಿ ಬಾಗಿಲಿನಿಂದಲೇ, "ಅಕಿಗೆ ದಮ್ಮು ಹತ್ತತೈತ್ರೀ. ಅದಕ್ಕ ಅಕಿ ಕಚ್ಚಾ ಲಿಂಬು," ಎಂದರಂತೆ. ಎಳೆಯರನ್ನು, ಕೈಲಾಗದವರನ್ನು ಆಟಕ್ಕೆ ಸೇರಿಸಿಕೊಂಡು ಔಟ್ ಮಾತ್ರ ಮಾಡದಿರುವ ಮುಂಬಯಿ ಮಕ್ಕಳ ಈ ಕಾನೂನು ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ? ನಮ್ಮ ಪ್ರಯೋಗಾಲಯಕ್ಕೆ ಮಾತ್ರ ಅದು ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಸರ್ ಬಂದವರೇ, "ಯಕ್ಷಿತಾ, ಆ ತಾಯಿ ನಮ್ಮ ಆಟದಾಗ ಕಚ್ಚಾ ಲಿಂಬು. ಅಕಿನ್ನ ಔಟ್ ಮಾಡೂ ಹಕ್ಕು ನಮಗಿಲ್ಲ," ಎಂದರು.

"ಸರ್, ಮಿಸ್ಟೇಕ್ ನನ್ನದು. ಆಸ್ಪತ್ರೆಯ ಎನ್‌ಕ್ವಾಯರಿ ಕಮಿಟಿಗೆ ನಾನೇ ಹೇಳ್ತೇನೆ."

"ಮೊದ್ಲ ಕೆಲಸ ಮುಗಸು. ಹೇಳೂದು ಆಮ್ಯಾಲ ನೋಡೂಣು."

ನಾಲ್ಕು ದಿನದಲ್ಲಿ ಅಂಕ, ಗಡಿಯಾರ, ಕೆಂಪು ಪರದೆ ಎಲ್ಲ ಹೋದವು. ಕೈ ತಾಗಿದ ಕಡೆಯಲ್ಲೆಲ್ಲ ಅದು ಹೃದಯದ ಯಾವ ಭಾಗವೆಂದು ಸರ್ ಅವರ ದನಿಯೇ ಮೆತ್ತಗೆ ಹೇಳುತ್ತಿತ್ತು. ಸರ್ ಮತ್ತೆರಡು ಸಲ ಕುರ್ಲಾಗೆ ಹೋಗಿಬಂದ ಮೇಲೆ ದಾವಲಬಿ ಬಂದರು. ಹೆಡ್‌ಸೆಟ್ ತೊಟ್ಟು ತೂತಿನ ಅಂಚಿನ ಸುತ್ತ ಕೈಯಾಡಿಸಿದರು.

"ಇದನ್ನ ಮುಚ್ಚೂವಾಗ ಏನರ ಆದ್ರ?"

"ಆಗಬಾರದು ಅಂತ ಎಲ್ಲಾರೂ ದುಡೀತಾರ ತಂಗೀ. ಆಗೂದಽ ಇಲ್ಲಂತ ನಾ ಸುಳ್ಳು ಹೇಳಂಗಿಲ್ಲ."

ಆ ಉತ್ತರ ಕೇಳಿದ ಮೇಲೆ ಅವರು ಸಹಿ ಹಾಕಿದರು. ಗುಲಾಫಶಾ ಈಗ ಎಂಟನೇ ಇಯತ್ತೆಯಲ್ಲಿದ್ದಾಳೆ. ಓಡುತ್ತಾಳೆ, ಔಟಾಗುತ್ತಾಳೆ, ಔಟಾಗಲಿಲ್ಲವೆಂದು ಜಗಳವಾಡುತ್ತಾಳೆ.

ವಿಚಾರಣಾ ಸಮಿತಿಗೆ ಸರ್ ಲೋಪ ತಮ್ಮದೆಂದೇ ಬರೆದುಕೊಟ್ಟರು. ಅವರ ಬಡ್ತಿ ಎರಡು ವರ್ಷ ನಿಂತಿತು. ನನ್ನ ಗುತ್ತಿಗೆ ನವೀಕರಣವಾಗಬೇಕಿದ್ದ ತಿಂಗಳದು. ನಾನು ಬಾಯಿ ಬಿಡಲಿಲ್ಲ. ಅವರು ಹೇಳಿದ ಆ "ಆಮ್ಯಾಲ" ಬರಲೇ ಇಲ್ಲ. ನಿಜ ಹೇಳಬೇಕೆಂದರೆ, ಬರಲು ನಾನು ಬಿಡಲಿಲ್ಲ. ಅದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿದೆ.

ಈ ಸಂಪುಟಕ್ಕಾಗಿ ಸಂಪಾದಕರು ಸರ್ ಅವರಿಂದ ಪರಿಚಯ ಬರೆಸಿಕೊಂಡಿದ್ದಾರೆ. ಸಾಧನೆಗೆ ಮೂರೇ ಸಾಲು. ಅದರ ಕೆಳಗೆ ಅವರದೇ ಅಕ್ಷರದಲ್ಲಿ ಇನ್ನೊಂದು: "ದೊಡ್ಡ ತಪ್ಪು, ಒಬ್ಬ ತಾಯಿಯನ್ನು ಹೆದರಿಸಿದ್ದು." ಸಂಪಾದಕರಲ್ಲಿ ನನ್ನ ವಿನಂತಿ: ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ, ನನ್ನ ಹೆಸರಿನ ಕೆಳಗೆ ಬರೆದುಕೊಳ್ಳಿ.

ಸರ್, ನೀವು ಆರೋಗ್ಯದಿಂದ ನೂರ್ಕಾಲ ಬಾಳಬೇಕು, ಹೊಸ ಆಟಗಳನ್ನು ಕಟ್ಟುತ್ತಲೇ ಇರಬೇಕು. ಇನ್ನಾದರೂ ನಿಮ್ಮ ಸ್ವಂತ ತಪ್ಪುಗಳನ್ನು ಮಾಡುವಷ್ಟು ಬಿಡುವು ನಿಮಗೆ ಸಿಗಲಿ.