ಹರಿಯದ ರೊಟ್ಟಿ

ಹೋದ ವಾರ ಅಣ್ಣಿಗೇರಿಯ ಗಿರಣಿಯಲ್ಲಿ ಡಬ್ಬಿ ಹಿಡಿದು ಪಾಳಿಗೆ ನಿಂತಿದ್ದೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಗಿರಣಿಯವನು ಗೋಧಿ ಮುಗಿಸಿದವನೇ, ಕಲ್ಲು ನಿಲ್ಲಿಸದೆ, ನನ್ನ ಜೋಳ ಸುರಿದ. ಕುಬಿಹಾಳದ ಕಾಕಿ ನೆನಪಾದರು...

ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಊರ ಹೊರಗಿನ ವೃದ್ಧಾಶ್ರಮವೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದೆ. ಗಂಟೆ ಬಾರಿಸಿದರೆ ಊಟ. ಪಂಕ್ತಿಯಲ್ಲಿ ಮಾತಿಲ್ಲ. ಅಲ್ಲಿಗೆ ಸೇರಲು ಬಂದ ಕಾಕಿಯ ಜೊತೆ ಹುಬ್ಬಳ್ಳಿಯ ಡಾಕ್ಟರ ಚೀಟಿಯೂ ಬಂತು. ಸೀಲಿಯಾಕ್ ಎಂಬ ರೋಗ. ಗೋಧಿಯೊಳಗಿನ ಅಂಟು ಅವರ ಕರುಳನ್ನು ಕೆಡಿಸುತ್ತದೆ. ಚಪಾತಿ, ರವೆ, ಶಾವಿಗೆ ಚಿಟಿಕೆಯಷ್ಟೂ ಕೂಡದು, ಜೋಳ ಅಕ್ಕಿ ನಡೆಯುತ್ತದೆ ಎಂದು ಬರೆದಿತ್ತು. ಮುದುಕಿಯ ಸೋಗು ಅಂದುಕೊಂಡೆ. ಆದರೂ ಚೀಟಿ ಚೀಟಿಯೇ. ಅವರ ತಾಟು, ಹಂಚು, ಹಿಟ್ಟು ನಾದುವ ಪರಾತ ಎಲ್ಲ ಬೇರೆ ಮಾಡಿಸಿ ಕೆಂಪು ಗುರುತು ಹಾಕಿಸಿದೆ.

ರೊಟ್ಟಿ ಮಾಡುವವಳಿಗೆ ಜಂಬವೋ ಜಂಬ. "ನೋಡ್ರಿ ಕಾಕಿ, ಎಷ್ಟು ತೆಳ್ಳಗ ಬಡದ್ರೂ ಹರಿಯೂದಿಲ್ಲ."

"ಬರೇ ಜೋಳಕ್ಕ ಇಷ್ಟು ಜಿಗಿ ಹ್ಯಾಂಗ ಬಂತವ್ವಾ?" ಎಂದರು ಕಾಕಿ, ರೊಟ್ಟಿಯನ್ನು ಬೆಳಕಿಗೆ ಹಿಡಿದು.

"ನನ್ನ ಕೈಗುಣರಿ."

ಎರಡು ತಿಂಗಳಲ್ಲಿ ಕಾಕಿ ಒಣಗಿ ಕಟ್ಟಿಗೆಯಾದರು. ದಿನಕ್ಕೆ ಆರು ಸಲ ಸಂಡಾಸಿಗೆ ಓಟ. ಎರಡು ಸಲ ದಾರಿಯಲ್ಲೇ ಸೀರೆ ಕೆಟ್ಟಿತು; ಅವರಿಂದಲೇ ನೆಲ ತೊಳೆಸಿದೆ. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು ಡಾಕ್ಟರು. ನನ್ನ ಅಡುಗೆಮನೆ ತಪ್ಪುವುದಿಲ್ಲ. ಹಾಗಾದರೆ ಕದ್ದು ತಿನ್ನುತ್ತಿದ್ದಾರೆ... ಲೆಕ್ಕ ಅಷ್ಟು ಸರಳವಿತ್ತು.

ಊಟದ ಗಂಟೆಗೆ ಮುಂಚೆ, ಎಲ್ಲರೆದುರು, ಕಾಕಿಯ ಟ್ರಂಕು ತೆಗೆಸಿದೆ. ನಾಲ್ಕು ಸೀರೆ, ವಿಭೂತಿ ಗಟ್ಟಿ, ಒಂದು ಅರಿವೆಗಂಟಿನಲ್ಲಿ ಜೋಳದ ಅರಳು. ಗೋಧಿಯ ಒಂದು ಕಾಳೂ ಸಿಗಲಿಲ್ಲ. ಹೊರಗಿನ ತಿನಿಸು ಇಡಬಾರದೆಂಬ ಕಾಯ್ದೆ ಇತ್ತು. ಅರಳನ್ನು ಅಂಗಳಕ್ಕೆ ಚೆಲ್ಲಿದೆ. ಕೋಳಿಗಳು ಓಡಿಬಂದವು.

"ಮುಂಚೇನ ನುಂಗ್ಯಾಳ ಬಿಡ್ರಿ, ಟ್ರಂಕಿನ್ಯಾಗ ಏನ್ ಸಿಗತೈತಿ!" ಎಂದಳು ಬಾಜು ಮಂಚದವಳು. "ಲೇ ಕಳ್ಳಿ, ಗೋರಿಗೆ ಹೋಗೂ ಹೊತ್ತಿನ್ಯಾಗ ಚಪಾತಿ ಚಪಲಾ?"

ಎಲ್ಲರೂ ನಕ್ಕರು. ನಾನು ತಡೆಯಲಿಲ್ಲ. ಇನ್ನೂ ಗಂಟೆ ಬಾರಿಸಿರಲಿಲ್ಲವಲ್ಲ.

"ನಾ ಮುಟ್ಟಿಲ್ರಿ ಬಾಯಾರ," ಎಂದರು ಕಾಕಿ, ಸೀರೆ ಮಡಚುತ್ತ.

ಅದಾಗಿ ಹತ್ತು ದಿನಕ್ಕೆ, ಗಿರಣಿಗೆ ಹೋಗುವ ಆಳು ಬಾರದೆ, ನಾನೇ ಹೋಗಬೇಕಾಯಿತು. ಅಂದೂ ಹೀಗೇ ಆಶ್ರಮದ ಗೋಧಿ ಮುಗಿದ ಕಲ್ಲಿಗೆ ಕಾಕಿಯ ಜೋಳ ಬಿತ್ತು.

"ನೀವ ಹೇಳಿದ್ದಲ್ರಿ ಬಾಯಾರ, ಗೋಧಿ ಮೊದಲ ಅಂತ?" ಎಂದ ಗಿರಣಿಯವನು. "ಗೋಧ್ಯಾಗ ಜೋಳ ಕೂಡಿದ್ರ ಚಪಾತಿ ಕೆಡ್ತಾವ. ಜೋಳದಾಗ ನಾಕ ಹಿಡಿ ಗೋಧಿ ಕೂಡಿದ್ರ ರೊಟ್ಟಿಗೆ ಚಲೋನ ಅಲ್ಲೇನ್ರಿ?"

ಹೌದು. ವಾರದ ಪಟ್ಟಿಯಲ್ಲಿ ಹಾಗೆ ಬರೆದವಳು ನಾನೇ.

ಯಾರಿಗೂ ಹೇಳದೆ, ಕಾಕಿಯ ಜೋಳವನ್ನು ಆಶ್ರಮದಲ್ಲೇ ಬೀಸುಕಲ್ಲಿಗೆ ಹಾಕಿಸತೊಡಗಿದೆ. ಅಂದಿನಿಂದ ರೊಟ್ಟಿಯ ಅಂಚು ಹರಿಯತೊಡಗಿತು. ಕಾಕಿ ಹರಿದ ಅಂಚು ನೋಡಿದರು, ನನ್ನ ಮುಖ ನೋಡಿದರು. ತಿಂಗಳೊಳಗೆ ಹೊಟ್ಟೆ ಹೋಗುವುದು ನಿಂತಿತು. "ಟ್ರಂಕ ತಗಿಸಿದ್ದಕ್ಕ ದಾರಿಗೆ ಬಂದ್ಲು ನೋಡ್," ಎಂದರು ಉಳಿದವರು. ಕಾಕಿಯನ್ನು ತಿದ್ದಿದವಳೆಂಬ ಆ ಹೆಸರನ್ನೂ ನಾನೇ ಇಟ್ಟುಕೊಂಡೆ.

ಒಂದು ದಿನ ಕಾಕಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಬಾಯಾರ, ನನಗ ಮತ್ತೇನೂ ಬ್ಯಾಡ. ಪಂಕ್ತ್ಯಾಗ ಒಂದ ಮಾತು ಹೇಳ್ರಿ, ಕಾಕಿ ಕದ್ದಿಲ್ಲ ಅಂತ."

"ಪಂಕ್ತ್ಯಾಗ ಮಾತಾಡೂ ಹಂಗಿಲ್ಲ," ಎಂದೆ.

ಅವರು ಮತ್ತೆ ಕೇಳಲಿಲ್ಲ. ಆ ಚಳಿಗಾಲದಲ್ಲಿ ಕಫ ಕಟ್ಟಿ ತೀರಿಕೊಂಡರು. ಮೊದಲೇ ಸವೆದ ಮೈ, ತಡೆಯಲಿಲ್ಲ. ಎಡೆ ಇಡುವ ದಿನ ಬಾಜು ಮಂಚದವಳು ಕಣ್ಣೊರೆಸಿಕೊಂಡು, "ಪಾಪ, ಆಸಿ ಇಟಗೊಂಡ ಹೋದ್ಲು. ಗೋಧಿ ಹುಗ್ಗೀನ ಮಾಡಸ್ರಿ," ಎಂದಳು. ಮಾಡಿಸಿದೆ. ಕಾಕಿಯ ಫೋಟೋದ ಮುಂದೆ, ಅವರದೇ ಕೆಂಪು ಗುರುತಿನ ತಾಟಿನಲ್ಲಿ, ನನ್ನ ಕೈಯಾರೆ ಬಡಿಸಿದೆ. ಅಂದು ಪಂಕ್ತಿಯಲ್ಲಿ ಎಲ್ಲರೂ ಮಾತಾಡುತ್ತಿದ್ದರು... ಹೇಳಬಹುದಿತ್ತು.

ಆ ಪಂಕ್ತಿಯಲ್ಲಿ ಕೂತವರು ಈಗ ಒಬ್ಬರೂ ಉಳಿದಿಲ್ಲ. ಹೇಳಿದರೂ ಕೇಳುವವರಿಲ್ಲ.

ಹೋದ ವಾರ ಗಿರಣಿಯಿಂದ ಬಂದು ಆ ಹಿಟ್ಟು ನಾದಿ ರೊಟ್ಟಿ ಬಡಿದೆ. ಒಂದೂ ಹರಿಯಲಿಲ್ಲ.