ಪ್ಲೇಸ್ಕೂಲ್ ಕೊಂಡ ಪಕ್ಕದ ಮನೆ ಅಂಕಲ್

ಮೊನ್ನೆ ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದ ಕೂಡಲೇ ಕ್ರೆಯಾನ್ ವಾಸನೆ ಮುಖಕ್ಕೆ ರಾಚಿತು. ಚಿಕ್ಕ ಮಗ ಬಿಟ್ಟುಹೋಗಿದ್ದ ಬಣ್ಣದ ಕಡ್ಡಿಗಳು ಕರಗಿ ಸೀಟಿಗೆ ಅಂಟಿದ್ದವು. ಉಜ್ಜುತ್ತ ಕೂತವಳಿಗೆ ನೆನಪಾದದ್ದು ಪಕ್ಕದ ಮನೆಯ ಅಂಕಲ್. ಜನ್ಮದಲ್ಲಿ ಸ್ವಂತ ಮಗಳನ್ನೂ ಒಮ್ಮೆ ಎತ್ತಿ ಆಡಿಸದ ಆ ಮನುಷ್ಯ ನಮ್ಮ ಆರ್.ಟಿ. ನಗರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ಲೇಸ್ಕೂಲೊಂದನ್ನು ಕೊಂಡಿದ್ದರು...

ಅವರದು ಹೆಬ್ಬಾಳದ ಕಡೆಯ ಬೇಸಾಯದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಬಾಡಿಗೆದಾರರು 'ಓನರ್' ಎನ್ನುತ್ತಿದ್ದರು. ಅಂಕಲ್‌ಗೆ ಅದು ಸಾಲದು, ಯಾರಾದರೂ 'ಸರ್' ಎನ್ನಬೇಕಿತ್ತು.

ನನ್ನ ಮಗಳು ಆ ಸ್ಕೂಲಿನಲ್ಲಿದ್ದಳು. ವಾರ್ಷಿಕೋತ್ಸವಕ್ಕೆ ಅವರೂ ನಮ್ಮ ಜೊತೆ ಬಂದರು. "ಏನ್ ಜನ ಕಣಮ್ಮ! ಬಿಸಿನೆಸ್ ಅಂದ್ರೆ ಇದು" ಎಂದರು. ಒಂದೊಂದು ಮಗುವಿನ ಕುಣಿತ ನೋಡಲು ಅಜ್ಜಿ, ತಾತ, ಚಿಕ್ಕಪ್ಪ, ಅತ್ತೆ ಎಂದು ಇಡೀ ವಂಶವೇ ಬಂದಿರುತ್ತದೆ ಎಂಬುದೂ ಆ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲೇ ಸ್ಕೂಲು ನಡೆಸುತ್ತಿದ್ದ ಮೇಡಂ, ಗಂಡನಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ, ಯಾರಾದರೂ ಒಳ್ಳೆಯವರು ಸಿಕ್ಕರೆ ಕೊಟ್ಟುಬಿಡುತ್ತೇನೆ ಎಂದರು. ಆ ಒಳ್ಳೆಯವರು ತಾವೇ ಎಂದು ಅಂಕಲ್ ನಿಶ್ಚಯಿಸಿಬಿಟ್ಟರು.

"ರೀ, ಒಂದ್ ತಿಂಗ್ಳು ಹೋಗಿ ಕೂತ್ಕೊಂಡು ನೋಡ್ರೀ. ಆಮೇಲೆ ತಗೊಳ್ಳೋಣ" ಎಂದು ಆಂಟಿ ಅಂಗಲಾಚಿದರು.

"ನೀನು ಅನ್ನಕ್ಕಿಡು, ಹೋಗು. ಬಿಸಿನೆಸ್ ನಂಗೆ ಹೇಳ್ಕೊಡ್ಬೇಡ."

ತಮ್ಮ ಮಗಳ ಓದಿಗೆಂದು ಇಟ್ಟಿದ್ದ ಯಲಹಂಕದ ಸೈಟು ಮಾರಿದರು. ಟೀಚರುಗಳು ಮುಂದೆಯೂ ಇರುತ್ತಾರೋ ಇಲ್ಲವೋ ಕೇಳಲಿಲ್ಲ. ಬೋರ್ಡಿನ ಮೇಲಿದ್ದ ಹೆಸರು ಯಾವುದೋ ಕಂಪನಿಯದು, ಅವರ ಒಪ್ಪಿಗೆಯೂ ಬೇಕು ಎಂಬುದನ್ನು ವಿಚಾರಿಸಲಿಲ್ಲ. ಅವರು ಪರೀಕ್ಷಿಸಿದ್ದು ಜಾರುಬಂಡೆಯನ್ನು ಮಾತ್ರ. ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಗಟ್ಟಿ ಐತೆ" ಎಂದರು.

ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಷರ್ಟು, ಚಿನ್ನದ ಸರ ಹಾಕಿಕೊಂಡು ಗೇಟಿನಲ್ಲಿ ಕುರ್ಚಿ ಹಾಕಿ ಕೂತರು. ಒಳಗೆ ಹೋಗುವ ಪ್ರತಿ ಮಗುವೂ 'ಗುಡ್ ಮಾರ್ನಿಂಗ್ ಸರ್' ಎನ್ನಬೇಕು. ಇನ್ನೂ ಮಾತೇ ಬಾರದ ಕೂಸುಗಳು! ಹೆದರಿ ಅತ್ತವು. ಮಕ್ಕಳನ್ನು ತೊಳೆದು ಬಟ್ಟೆ ಬದಲಿಸುತ್ತಿದ್ದ ಆಯಾಳನ್ನು, "ಚಡ್ಡಿ ಬದ್ಲಾಯ್ಸೋಕೂ ಸಂಬಳನಾ?" ಎಂದು ಮನೆಗೆ ಕಳಿಸಿದರು. ಅವಳ ಬದಲು ಕ್ಯಾಮೆರಾ ಬಂತು. ಒದ್ದೆ ಚಡ್ಡಿಯಲ್ಲಿ ಕೂತ ಮಕ್ಕಳನ್ನು ಅದು ದಿನವಿಡೀ ನೋಡುತ್ತಿತ್ತು, ಅಷ್ಟೇ.

ಬೇಸಿಗೆ ರಜೆ ಮುಗಿದಾಗ ಟೀಚರುಗಳು ಬರಲಿಲ್ಲ, ಮಕ್ಕಳೂ ಬರಲಿಲ್ಲ. ಕಂಪನಿಯವರು ಮಾತ್ರ ತಪ್ಪದೆ ಬಂದು ಬೋರ್ಡು ಬಿಚ್ಚಿಕೊಂಡು ಹೋದರು. ಅದರ ಹಿಂದೆ ಯಾವ ಕಾಲದ್ದೋ ಬ್ಯೂಟಿ ಪಾರ್ಲರ್ ಬೋರ್ಡಿತ್ತು. ಅದರಲ್ಲಿದ್ದ ನೀಳಕೂದಲಿನ ಹೆಂಗಸಿನ ನಗುಮುಖದ ಕೆಳಗೆ ನಮ್ಮ 'ಸರ್' ಒಬ್ಬರೇ ಕೂತಿರುತ್ತಿದ್ದರು.

ಮಕ್ಕಳೆಲ್ಲ ಎಲ್ಲಿ ಹೋದರು ಎಂಬುದು ಬೇಗನೇ ತಿಳಿಯಿತು. ಎರಡು ರಸ್ತೆ ಆಚೆ ಹೊಸ ಪ್ಲೇಸ್ಕೂಲು, ಹಳೆಯ ಟೀಚರುಗಳು, ಅದೇ ಆಯಾ, ಅದೇ ಮೇಡಂ. ಹತ್ತಿರದಲ್ಲಿ ಇನ್ನೊಂದು ಸ್ಕೂಲು ತೆರೆಯಬಾರದೆಂದು ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳುವ ಬುದ್ಧಿಯೂ ಅಂಕಲ್‌ಗೆ ಇರಲಿಲ್ಲ. ಜಗಳಕ್ಕೆ ಹೊರಟವರು ಸಾಕ್ಷಿಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು.

"ಟ್ರಾನ್ಸ್‌ಫರ್ ಅಂದಿದ್ರಲ್ಲ ಮೇಡಂ?"

"ಕ್ಯಾನ್ಸಲ್ ಆಯ್ತು ಸರ್" ಎಂದರು ಮೇಡಂ, ಕಣ್ಣು ಕೂಡ ಮಿಟುಕಿಸದೆ. "ಕಾಫಿ ತಗೋತೀರಾ ಸರ್?"

ಅಂಕಲ್ ಕೂತು ಕಾಫಿ ಕುಡಿದರು! ಬರುವಾಗ ದಾರಿಯಲ್ಲಿ, "ಪಾಪ, ಅವ್ರೇನ್ ಮಾಡ್ತಾರೆ, ಗಂಡಂದು ಗೌರ್ಮೆಂಟ್ ಕೆಲ್ಸ" ಎಂದರು. ನನಗೆ ಅಸಹ್ಯವಾಯಿತು. ಮೋಸ ಹೋಗುವವರನ್ನು ಕಂಡಿದ್ದೇನೆ, ಮೋಸ ಮಾಡಿದವರ ಪರವಾಗಿ ವಾದಿಸುವವರನ್ನು ಅಂದೇ ಕಂಡದ್ದು. ಮಾರನೆಯ ವಾರ, ರಜೆ ಮುಗಿದ ಮೇಲೂ ಮನೆಯಲ್ಲೇ ಇದ್ದ ನನ್ನ ಮಗಳನ್ನೂ ಮೇಡಂ ಹತ್ತಿರವೇ ಸೇರಿಸಿದೆ.

ಜಾರುಬಂಡೆ ಗುಜರಿಗೆ ಹೋಯಿತು. ಅಂಕಲ್ ಮಗಳು ಬ್ಯಾಂಕಿನ ಸಾಲದಲ್ಲಿ ಓದಿದಳು. ಅಪ್ಪನ ಜೊತೆ ಮಾತು ಬಿಟ್ಟಳು. ಅಂಕಲ್ ಗೇಟಿನ ಬಳಿ ನಿಂತು ಹೋಗಿ ಬರುವವರಿಗೆಲ್ಲ ಬಿಸಿನೆಸ್ ಪಾಠ ಹೇಳುತ್ತಲೇ ಇದ್ದರು... ಹೋದ ವರ್ಷ ಎದೆನೋವು ಎಂದವರು ಆಸ್ಪತ್ರೆಯಿಂದ ವಾಪಸಾಗಲಿಲ್ಲ.

ಮೊನ್ನೆ ನಾನು ಕಾರು ಒರೆಸುತ್ತಿದ್ದಾಗ ಆಂಟಿ ಕಾಂಪೌಂಡಿನ ಆ ಕಡೆ ಬಟ್ಟೆ ಒಣಗಿಸುತ್ತಿದ್ದರು. ಅಂಕಲ್ ಮಾತು ಬಂತು. ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಮಾತು ಅವ್ರು ಒಂದಿನಾದ್ರೂ ಕೇಳಿದ್ರಾ ಆಂಟಿ? ಅಷ್ಟು ದಡ್ಡತನ ಯಾರಲ್ಲೂ ನೋಡಿಲ್ಲ" ಎಂದುಬಿಟ್ಟೆ.

"ಹೂಂ ಕಣಮ್ಮ, ಶುದ್ಧ ದಡ್ಡರು" ಎಂದರು ಆಂಟಿ, ಸೀರೆಯ ಸುಕ್ಕು ಕೊಡವುತ್ತ. "ದಿನಾ ಬೈತಿದ್ದೆ. ಈಗ ಬೆಳಗ್ಗೆ ಎದ್ರೆ ಮನೇಲಿ ಬೈಯೋಕೆ ಯಾರೂ ಇಲ್ಲ."

ನಾನು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಆಂಟಿಯ ಮನೆಯ ಕಡೆ ನಡೆದೆ.