ಗ್ರೀಕರೂ ನಮ್ಮ ಮಾವನೂ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಇವತ್ತು ಹಸಿ ಶುಂಠಿ ಮೂಟೆಗಳ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಗ್ರೀಕ್ ತತ್ವಶಾಸ್ತ್ರ ನೆನಪಾಯಿತು. ನಗಬೇಡಿ, ಎರಡಕ್ಕೂ ಹೇಗೆ ನಂಟಾಯಿತೆಂದು ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಂಚೆ ಶಿಕ್ಷಣದಲ್ಲಿ ತತ್ವಶಾಸ್ತ್ರದ ಎಂ.ಎ.ಗೆ ಸೇರಿದ್ದೆ. ಜ್ಞಾನದಾಹವೇನೂ ಅಲ್ಲ, ಬೇರೆ ವಿಷಯಗಳಿಗೆ ಅರ್ಜಿ ಹಾಕುವ ದಿನ ಮುಗಿದುಹೋಗಿತ್ತು. ಪರೀಕ್ಷೆ ಚಾಮರಾಜನಗರದಲ್ಲಿ. ಹಾಗಾಗಿ ಹತ್ತಿರದ ಕುದೇರಿನಲ್ಲಿ, ಅಪ್ಪನ ಅಕ್ಕನ ಮನೆಯಲ್ಲಿ ಬೀಡುಬಿಟ್ಟಿದ್ದೆ.

ಹೆರಾಕ್ಲಿಟಸ್ ಪ್ರಕಾರ ಎಲ್ಲವೂ ಹರಿಯುತ್ತಲೇ ಇರುತ್ತದೆ, ಯಾವುದೂ ನಿನ್ನೆ ಇದ್ದಂತೆ ಇವತ್ತಿಲ್ಲ. ಪಾರ್ಮೆನಿಡೀಸ್ ಪ್ರಕಾರ ಇರುವುದು ಹಾಗೇ ಇರುತ್ತದೆ, ಬದಲಾವಣೆಯೆಂಬುದು ಬರೀ ಕಣ್ಣಿನ ಮೋಸ. ಇಬ್ಬರನ್ನೂ ಹೋಲಿಸುವ ಪ್ರಶ್ನೆ ಬಂದೇ ಬರುತ್ತದೆಂದು ಎಲ್ಲರೂ ಹೆದರಿಸಿದ್ದರು. ಬೆಳಿಗ್ಗೆ ಓದಿದರೆ ಮೊದಲನೆಯವನು ಸರಿ ಅನಿಸುತ್ತಿದ್ದ, ಊಟವಾದ ಮೇಲೆ ಎರಡನೆಯವನು. ಜೋರಾಗಿ ಓದುವ ಚಾಳಿ ಬೇರೆ ಇತ್ತು. ಅತ್ತೆಗೆಲ್ಲವೂ ಕೇಳಿಸುತ್ತಿತ್ತು.

ಆ ವಾರವೇ ಅತ್ತೆಯ ಗಂಡ, ನಮ್ಮ ಮಾವ, ಬಂದರು. ವಯನಾಡಿನ ಶುಂಠಿ ಹೊಲಗಳಿಗೆ ಮೇಸ್ತ್ರಿಯಾಗಿ ಹೋದವರು, ಹೇಳದೆ ಕೇಳದೆ ಹನ್ನೆರಡು ವರ್ಷ ನಾಪತ್ತೆಯಾಗಿದ್ದರು. ಜಗಲಿಯ ಮೇಲೆ ಕೂತು ಹಾಲಿಲ್ಲದ ಟೀ ಕೇಳಿದರು, ಮುದ್ದೆ ಬೇಡವೆಂದು ಅನ್ನ ಕೇಳಿದರು. ಅಪ್ಪ ಗುಂಡ್ಲುಪೇಟೆಯಿಂದ ಓಡಿಬಂದು, "ನಮ್ ಭಾವ್ನೇ ಕಣಕ್ಕ, ಒಳಕ್ಕೆ ಕರ್ಕೊ" ಎಂದರು. ಪಕ್ಕದ ಮನೆಯಾಕೆ, "ಓದ ಅಯ್ಯನೇ ಬೇರೆ, ಬಂದ ಅಯ್ಯನೇ ಬೇರೆ" ಎಂದು ತೀರ್ಪು ಕೊಟ್ಟಳು.

ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ನನ್ನನ್ನು ಕರೆದರು. "ಬದ್ಲಾಗದು, ಬದ್ಲಾಗ್ದೆ ಇರದು ಅಂತ ಅದೇನೋ ಓದ್ತಿದ್ದೀಯಲ್ಲಮ್ಮಿ, ಯೋಳು. ಇವ್ನು ಅವ್ನೇನಾ? ಒಳಕ್ಕೆ ಬುಟ್ಕಳದಾ, ಬ್ಯಾಡ್ವಾ?"

ಪರೀಕ್ಷೆಯಲ್ಲಿ ತಪ್ಪಾದರೆ ಅಂಕ ಹೋದೀತು, ಇಲ್ಲಿ ತಪ್ಪಾದರೆ ಅತ್ತೆಯ ಬಾಳು. ಇಬ್ಬರ ವಾದವನ್ನೂ ಒಪ್ಪಿಸಿದೆ, ಸಾಲದೆಂದು ಪ್ಲೇಟೋನನ್ನೂ ಎಳೆದು ತಂದೆ. "ನಿಜವಾದದ್ದು ಬೇರೆ ಲೋಕದಲ್ಲಿದೆ ಅತ್ತೆ, ಇಲ್ಲಿರೋದೆಲ್ಲ ಅದರ ನೆರಳು."

"ನೆರಳು ಅಷ್ಟೊಂದು ಅನ್ನ ಉಂಡದಾ?" ಎಂದರು ಅತ್ತೆ. ಇಬ್ಬರೂ ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ ಹೇಳಿದರು. "ಅವ್ನು ಅವ್ನೇನಾ ಅಂತ ಊರೆಲ್ಲ ನೋಡ್ತಾ ಕುಂತದೆ. ನಾನು ಅವ್ಳೇನಾ ಅಂತ ಒಬ್ರಾದ್ರೂ ಕೇಳುದ್ರಾ?"

ಗ್ರೀಕರನ್ನು ಪಕ್ಕಕ್ಕಿಟ್ಟು ನಾನೂ ಅವರೆಕಾಯಿ ಸುಲಿಯಲು ಕೂತೆ.

ಮಾರನೆಯ ದಿನ ಅತ್ತೆ ಮಾವನನ್ನು ಚಂದಕವಾಡಿಯಲ್ಲಿದ್ದ ಮಾವನ ತಮ್ಮನ ಮನೆಗೆ ಕಳಿಸಿದರು. "ಅಲ್ಲಿರು. ಮನ್ಸು ಬಂದ್ರೆ ನಾನೇ ಬತ್ತೀನಿ." ಮನಸ್ಸು ಬಂದಾಗ ಸಾರು ಕಟ್ಟಿಕೊಂಡು ಹೋಗುತ್ತಿದ್ದರು, ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದರು. ಮಾವ ತೀರಿಕೊಳ್ಳುವವರೆಗೂ ಹೀಗೇ ನಡೆಯಿತು. ಅದು ಸಂಸಾರವೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ನಾನು ಪರೀಕ್ಷೆಯಲ್ಲೇನೋ ಪಾಸಾದೆ, ಏನು ಬರೆದೆನೆಂದು ಮಾತ್ರ ಕೇಳಬೇಡಿ.

ಇವತ್ತು ಲಾರಿ ದಾಟಿಹೋದ ಮೇಲೂ ನಿಂತೇ ಇದ್ದೆ. ಹಳೆಯ ಮಾವ ಕಣ್ಣ ಮುಂದೆ ಬಂದರು, ಅವರ ಮೀಸೆ, ಶಿಳ್ಳೆ ಎಲ್ಲ. ಹಳೆಯ ಅತ್ತೆ ಬರಲೇ ಇಲ್ಲ. ಎಷ್ಟು ತಡಕಿದರೂ ಸಿಕ್ಕಿದ್ದು ಒಂಟಿಯಾಗಿ ಮನೆ ನಡೆಸಿದ ಅತ್ತೆ ಮಾತ್ರ. ನನಗೆ ಗಲಿಬಿಲಿಯಾಯಿತು. ಮನೆಗೆ ಹೋಗುವ ಬಸ್ಸು ಬಿಟ್ಟು ಚಾಮರಾಜನಗರದ ಬಸ್ಸು ಹತ್ತಿದೆ. ಅತ್ತೆಗೀಗ ಎಪ್ಪತ್ತು ದಾಟಿದೆ. ಹೋಗಿ ಪಕ್ಕದಲ್ಲಿ ಕೂತು ಒಂದೇ ಒಂದು ಮಾತು ಕೇಳಬೇಕು: ಮಾವ ಹೋಗುವ ಮುಂಚೆ ನೀನು ಹೇಗಿದ್ದೆ, ಅತ್ತೆ?